7,990 ಡಾಲರಿನ ಮನೆಯ ಲೆಕ್ಕ: 1950ರ ಅಮೆರಿಕದಲ್ಲಿ ಒಬ್ಬರ ಸಂಬಳಕ್ಕೆ ಸಂಸಾರ ನಡೆಯಿತೇ?

ಪ್ರಶ್ನೆ: ನಾನು ದಾವಣಗೆರೆಯವನು, ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು. ಮಗಳು, ಅಳಿಯ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿದ್ದಾರೆ. ಅಲ್ಲಿನ ಲೆವಿಟ್‌ಟೌನ್ ಎಂಬ ಊರಿನಲ್ಲಿ 1950ರಲ್ಲಿ ಕಟ್ಟಿದ ಮನೆಯೊಂದನ್ನು ನೋಡಿಟ್ಟಿದ್ದಾರೆ. ಕೇಳುತ್ತಿರುವ ಬೆಲೆ ಆರು ಲಕ್ಷ ಡಾಲರಿಗೂ ಮೇಲೆ. ಹೊಸದಾಗಿದ್ದಾಗ ಇಂಥ ಮನೆಗೆ 7,990 ಡಾಲರ್ ಇತ್ತಂತೆ, ಕೈಯಿಂದ ಒಂದು ಕಾಸೂ ಹಾಕಬೇಕಿರಲಿಲ್ಲವಂತೆ. ಕಾರ್ಖಾನೆಯ ಕೆಲಸಗಾರನೊಬ್ಬನ ಸಂಬಳದಲ್ಲೇ ಮನೆ, ಕಾರು, ಮೂರು ಮಕ್ಕಳ ಸಂಸಾರ ನಡೆಯುತ್ತಿತ್ತು, ಸಿರಿವಂತರಿಗೆ ಶೇ 91ರಷ್ಟು ತೆರಿಗೆ ಹಾಕುತ್ತಿದ್ದುದೇ ಅದಕ್ಕೆ ಕಾರಣ ಎನ್ನುತ್ತಾನೆ ಅಳಿಯ. ಹೆಂಗಸರು ಮನೆಯಲ್ಲಿದ್ದರು, ಜನ ಸಾಲ ಮಾಡದೆ ಮಿತವಾಗಿ ಬದುಕುತ್ತಿದ್ದರು, ಅದಕ್ಕೇ ಸಾಧ್ಯವಾಯಿತು ಎನ್ನುತ್ತಾರೆ ನಮ್ಮ ಬೀಗರು. ಯುದ್ಧದಲ್ಲಿ ಬೇರೆ ದೇಶಗಳ ಕಾರ್ಖಾನೆಗಳೆಲ್ಲ ಹಾಳಾಗಿದ್ದರಿಂದ ಅಮೆರಿಕ ಗೆದ್ದಿತು ಎಂದು ನಾನು ಓದಿದ್ದೆ. ಇದರಲ್ಲಿ ನಿಜ ಯಾವುದು? ಆ ಬೆಲೆಯನ್ನು ಇಂದಿನದಕ್ಕೆ ಹೋಲಿಸುವುದು ಹೇಗೆ? ಅಂಥ ಕಾಲ ಮತ್ತೆ ಬಂದೀತೇ? ಅಷ್ಟು ಹಳೆಯ ಮನೆ ಕೊಳ್ಳುವಾಗ ಏನೇನು ನೋಡಬೇಕು?

ಉತ್ತರ: ಮೂವರ ಮಾತಿನಲ್ಲೂ ಒಂದೊಂದು ಎಳೆ ನಿಜವಿದೆ. ಆದರೆ ಮೂವರೂ ಸಾಲಪತ್ರವನ್ನು ಪಕ್ಕಕ್ಕಿಟ್ಟು ಮಾತಾಡುತ್ತಿದ್ದೀರಿ. ನೀವು ಸಾಲ ವಿಭಾಗದಲ್ಲಿದ್ದವರಾದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

1930ಕ್ಕೆ ಮುಂಚೆ ಅಮೆರಿಕದಲ್ಲಿ ಮನೆಸಾಲ ಎಂದರೆ ಸಾಮಾನ್ಯವಾಗಿ ಅರ್ಧ ಬೆಲೆ ಕೈಯಿಂದ ಹಾಕಬೇಕು, ಉಳಿದರ್ಧಕ್ಕೆ ಐದು ವರ್ಷದ ಆಸುಪಾಸಿನ ಸಾಲ. ಅಷ್ಟು ದಿನ ಬಡ್ಡಿ ಮಾತ್ರ ಕಟ್ಟುತ್ತಿದ್ದರು, ಅವಧಿ ಮುಗಿದಾಗ ಅಸಲು ಒಂದೇ ಗಂಟಿನಲ್ಲಿ ತೀರಬೇಕು, ಇಲ್ಲವೇ ಸಾಲವನ್ನು ನವೀಕರಿಸಿಕೊಳ್ಳಬೇಕು. ಮಹಾ ಆರ್ಥಿಕ ಕುಸಿತದಲ್ಲಿ ನವೀಕರಿಸುವ ಬ್ಯಾಂಕುಗಳೇ ಬಾಗಿಲು ಹಾಕಿದವು, ಮನೆಗಳು ಹರಾಜಿಗೆ ಬಂದವು. ಆಗ ಸರ್ಕಾರ ಸಾಲದ ಸ್ವರೂಪವನ್ನೇ ಬದಲಾಯಿಸಿತು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತಾನು ಸಾಲ ಕೊಡಲಿಲ್ಲ. ಬ್ಯಾಂಕು ಕೊಟ್ಟ ಸಾಲ ಮುಳುಗಿದರೆ ತುಂಬಿಕೊಡುತ್ತೇನೆ ಎಂದು ವಿಮೆ ಕೊಟ್ಟಿತು. ಅದಕ್ಕೆ ಪ್ರತಿಯಾಗಿ ಅಸಲು, ಬಡ್ಡಿ ಸೇರಿದ ಸಮ ಕಂತು, ದೀರ್ಘ ಅವಧಿ, ಕಡಿಮೆ ಮಾರ್ಜಿನ್ ಹಣ (ಕೊಳ್ಳುವವರು ಕೈಯಿಂದ ಹಾಕುವ ಪಾಲು) ಎಂಬ ಷರತ್ತು ಹಾಕಿತು. ನಿಮ್ಮ ಬ್ಯಾಂಕಿನಲ್ಲಿ ನೀವು ಮಂಜೂರು ಮಾಡುತ್ತಿದ್ದ ಗೃಹಸಾಲದ ಅಚ್ಚು ಇದೇ. 1944ರಲ್ಲಿ ಯುದ್ಧದಿಂದ ಮರಳುವ ಸೈನಿಕರಿಗಾಗಿ ಬಂದ ಕಾಯಿದೆ, ಅಂದರೆ ಜಿ.ಐ. ಬಿಲ್, ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸಾಲದ ಒಂದು ಪಾಲಿಗೆ ಸರ್ಕಾರವೇ ಜಾಮೀನು ನಿಂತಿತು, ಬಡ್ಡಿಗೆ ಶೇ 4ರ ಮಿತಿ ಹಾಕಿತು, ಮಾರ್ಜಿನ್ ಹಣವನ್ನು ಸೊನ್ನೆಗೆ ಇಳಿಸಲು ದಾರಿ ಮಾಡಿತು.

ಈಗ 7,990 ಡಾಲರನ್ನು ಎರಡೂ ಪದ್ಧತಿಯಲ್ಲಿ ಹಾಕಿ ನೋಡಿ. ಹಳೆಯ ಪದ್ಧತಿಯಲ್ಲಿ ಮೊದಲ ದಿನವೇ 3,995 ಡಾಲರ್ ಬೇಕು. 1950ರಲ್ಲಿ ನಡುಮಟ್ಟದ ಅಮೆರಿಕನ್ ಕುಟುಂಬದ ಇಡೀ ವರ್ಷದ ಆದಾಯ 3,319 ಡಾಲರ್. ಐದು ವರ್ಷದ ಕೊನೆಗೆ ಮತ್ತೊಮ್ಮೆ ಅಷ್ಟೇ ಗಂಟು. ಹೊಸ ಪದ್ಧತಿಯಲ್ಲಿ ಮಾಜಿ ಸೈನಿಕ ಕೈಯಿಂದ ಏನೂ ಹಾಕುವುದಿಲ್ಲ. ಶೇ 4ರ ಬಡ್ಡಿ, 30 ವರ್ಷದ ಅವಧಿ ಎಂದು ಹಿಡಿದರೆ ಕಂತು ತಿಂಗಳಿಗೆ 38 ಡಾಲರ್. ತೆರಿಗೆ, ವಿಮೆ ಎಲ್ಲ ಸೇರಿ ಲೆವಿಟ್‌ಟೌನ್ ಮನೆಗೆ ತಿಂಗಳಿಗೆ ಸುಮಾರು 58 ಡಾಲರ್ ಬೀಳುತ್ತಿತ್ತು. ಆ ವರ್ಷ ಕಾರ್ಖಾನೆಯ ಕೆಲಸಗಾರನ ಸರಾಸರಿ ವಾರದ ಕೂಲಿ ಹೆಚ್ಚುಕಡಿಮೆ ಅಷ್ಟೇ. ಒಂದು ವಾರದ ದುಡಿಮೆ ಮನೆಗೆ, ಉಳಿದ ವಾರಗಳದ್ದು ಹೊಟ್ಟೆಬಟ್ಟೆಗೆ. ಅಳಿಯಂದಿರು ಹೇಳುವ ಚಿತ್ರ ಈ ಮಟ್ಟಿಗೆ ಪೂರ್ತಿ ನಿಜ. ಸ್ವಂತ ಮನೆಯಿದ್ದ ಕುಟುಂಬಗಳ ಪಾಲು 1940ರಲ್ಲಿ ಶೇ 43.6 ಇದ್ದದ್ದು 1960ಕ್ಕೆ ಶೇ 61.9ಕ್ಕೆ ಏರಿತು. ಇಪ್ಪತ್ತೇ ವರ್ಷದಲ್ಲಿ ಅಷ್ಟು ದೊಡ್ಡ ಏರಿಕೆಯನ್ನು ಆ ದೇಶ ಮತ್ತೆ ಕಂಡಿಲ್ಲ.

ಇನ್ನು ಮನೆ ಎಂಥದ್ದು? ಲೆವಿಟ್ ಕಂಪನಿ 1947ರಿಂದ 1951ರ ನಡುವೆ ಆಲೂಗಡ್ಡೆ ಹೊಲಗಳ ಮೇಲೆ 17,000ಕ್ಕೂ ಹೆಚ್ಚು ಮನೆ ಕಟ್ಟಿತು. ನಿವೇಶನ 60 ಅಡಿಗೆ 100 ಅಡಿ, ಅಂದರೆ ನಮ್ಮ 30-40ರ ಸೈಟು ಐದು. ಆದರೆ ಮನೆ 32 ಅಡಿಗೆ 25 ಅಡಿ, ಎಂಟೇ ಚದರ. ಎರಡು ಮಲಗುವ ಕೋಣೆ, ಒಂದು ಬಚ್ಚಲು, ಮೇಲೆ ಖಾಲಿ ಬಿಟ್ಟ ಅಟ್ಟ. ಅಟ್ಟವನ್ನು ಕೋಣೆ ಮಾಡಿಕೊಳ್ಳುವುದು ಕೊಂಡವರ ಪಾಡು. ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಯಂತ್ರ ಬೆಲೆಯಲ್ಲೇ ಸೇರಿತ್ತು. ನೆಲಮಾಳಿಗೆ ಇರಲಿಲ್ಲ. ಸ್ಥಳೀಯ ಕಟ್ಟಡ ನಿಯಮದ ಪ್ರಕಾರ ಅದು ಕಡ್ಡಾಯವಾಗಿತ್ತು. ಮನೆಗಾಗಿ ಕಾದಿದ್ದ ಮಾಜಿ ಸೈನಿಕರು ಊರಾಡಳಿತದ ಸಭೆಗೆ ನುಗ್ಗಿ ಒತ್ತಾಯಿಸಿದ ಮೇಲೆ 1947ರಲ್ಲಿ ನಿಯಮ ಬದಲಾಯಿತು, ಸಿಮೆಂಟಿನ ಹಾಸಿನ ಮೇಲೆ ನೇರ ಗೋಡೆ ಎದ್ದಿತು. ಕೆಲಸವನ್ನು 27 ಹಂತಗಳಾಗಿ ಒಡೆದಿದ್ದರು. ಲಾರಿ ಬಂದು ಪ್ರತಿ 60 ಅಡಿಗೊಮ್ಮೆ ಅಳತೆಗೆ ಕತ್ತರಿಸಿದ ಮರದ ಕಟ್ಟನ್ನು ಇಳಿಸಿ ಹೋಗುತ್ತಿತ್ತು. ಒಂದು ತಂಡ ಹಾಸು ಹಾಕಿದರೆ ಇನ್ನೊಂದು ಚೌಕಟ್ಟು ನಿಲ್ಲಿಸುತ್ತಿತ್ತು. ಬಣ್ಣದ ಕೆಲಸದಲ್ಲೂ ಬಿಳಿ ಬಳಿಯುವವನು ಬಿಳಿಯನ್ನೇ ಬಳಿಯುತ್ತಾ ಮನೆಯಿಂದ ಮನೆಗೆ ಹೋಗುತ್ತಿದ್ದ. ಕಾರ್ಖಾನೆಯಲ್ಲಿ ವಸ್ತು ಚಲಿಸಿ ಕೆಲಸಗಾರ ನಿಂತಿರುತ್ತಾನೆ, ಇಲ್ಲಿ ಮನೆ ನಿಂತು ಕೆಲಸಗಾರ ಚಲಿಸಿದ. ಭರದ ದಿನಗಳಲ್ಲಿ ದಿನಕ್ಕೆ ಮೂವತ್ತಕ್ಕೂ ಹೆಚ್ಚು ಮನೆ ಏಳುತ್ತಿದ್ದವು. ದೊಡ್ಡ ಸಾಲದ ಹರಿವು ಮೊದಲೇ ಖಾತ್ರಿಯಾಗಿದ್ದರಿಂದಲೇ ಬಿಲ್ಡರ್ ಒಬ್ಬನಿಗೆ ಇಷ್ಟು ದೊಡ್ಡ ಕೆಲಸಕ್ಕೆ ಕೈಹಾಕುವ ಧೈರ್ಯ ಬಂತು ಎಂಬುದನ್ನು ಗಮನಿಸಿ.

ಈಗ ನಿಮ್ಮ ಮನೆಯ ವಾದಗಳಿಗೆ ಬರುತ್ತೇನೆ.

ಶೇ 91ರ ತೆರಿಗೆ ಕಾಗದದ ಮೇಲೆ ಇತ್ತು ನಿಜ. ಆದರೆ ಅದು ಒಂಟಿ ವ್ಯಕ್ತಿಗೆ ವರ್ಷಕ್ಕೆ 2 ಲಕ್ಷ ಡಾಲರ್, ದಂಪತಿಗೆ 4 ಲಕ್ಷ ಡಾಲರ್ ಮೀರಿದ ಆದಾಯಕ್ಕೆ ಮಾತ್ರ ಅನ್ವಯಿಸುತ್ತಿತ್ತು. ಆಸ್ತಿ, ಷೇರು ಮಾರಿದ ಲಾಭಕ್ಕೆ ತೆರಿಗೆಯ ಗರಿಷ್ಠ ಮಟ್ಟ ಶೇ 25. ಸಿರಿವಂತರು ಆದಾಯವನ್ನು ಆ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ಕೆಲಸಗಾರನ ಜೇಬು ತುಂಬಿಸಿದ್ದು ಆ ತೆರಿಗೆಗಿಂತ ಹೆಚ್ಚಾಗಿ ಕೂಲಿ ಒಪ್ಪಂದಗಳು. ಆಗ ಮೂವರಲ್ಲಿ ಒಬ್ಬ ನೌಕರ ಕಾರ್ಮಿಕ ಸಂಘದಲ್ಲಿದ್ದ. 1950ರಲ್ಲಿ ಜನರಲ್ ಮೋಟಾರ್ಸ್ ಮತ್ತು ವಾಹನ ಕಾರ್ಮಿಕರ ಸಂಘ ಐದು ವರ್ಷದ ಒಪ್ಪಂದ ಮಾಡಿಕೊಂಡವು. ಬೆಲೆ ಏರಿದರೆ ಕೂಲಿಯೂ ಏರಬೇಕು, ಅದರ ಮೇಲೆ ಪ್ರತಿ ವರ್ಷ ನಿಗದಿತ ಹೆಚ್ಚಳ, ಜೊತೆಗೆ ಪಿಂಚಣಿ. ನಮ್ಮ ತುಟ್ಟಿಭತ್ಯೆ, ವಾರ್ಷಿಕ ಬಡ್ತಿ ಎರಡನ್ನೂ ಒಂದೇ ಕಾಗದದಲ್ಲಿ ಬರೆದಂತೆ. ಮೂವತ್ತು ವರ್ಷದ ಕಂತಿಗೆ ಸಹಿ ಹಾಕುವವನಿಗೆ ಮುಂದಿನ ವರ್ಷದ ಸಂಬಳದ ಭರವಸೆ ಬೇಕು. ಅದು ಇಲ್ಲಿಂದ ಬಂತು.

ಬೀಗರ ಮಾತನ್ನು ಒಪ್ಪುವುದು ಕಷ್ಟ. ಜಾಹೀರಾತುಗಳಲ್ಲಿ ಹೆಂಗಸರು ಏಪ್ರನ್ ಕಟ್ಟಿಕೊಂಡು ನಿಂತಿದ್ದರೂ, ದುಡಿಮೆಗೆ ಹೋಗುವ ವಿವಾಹಿತ ಮಹಿಳೆಯರ ಪಾಲು 1940ರ ಸುಮಾರು ಶೇ 15ರಿಂದ 1960ಕ್ಕೆ ಶೇ 30ರ ಆಸುಪಾಸಿಗೆ ಬಂದಿತ್ತು. ಅಂದರೆ ಇಮ್ಮಡಿ. ಆದರೆ ಸಾಲಕ್ಕೆ ಅರ್ಜಿ ಹಾಕಿದಾಗ ಹೆಂಡತಿಯ ಸಂಬಳವನ್ನು ಬ್ಯಾಂಕುಗಳು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ, ಹಿಡಿದರೂ ಅರ್ಧ ಹಿಡಿಯುತ್ತಿದ್ದವು. ನಾಳೆ ಬಸುರಿಯಾಗಿ ಕೆಲಸ ಬಿಡುತ್ತಾಳೆ ಎಂಬುದು ಕಾರಣ. ಈ ಭೇದವನ್ನು ಕಾನೂನು ತಡೆದದ್ದು 1974ರಲ್ಲಿ. ಹಾಗಾಗಿ ದಾಖಲೆಗಳಲ್ಲಿ 'ಒಬ್ಬರ ಸಂಬಳದ ಮನೆ' ಎಂದು ಕಾಣುವ ಎಷ್ಟೋ ಮನೆಗಳ ಕಂತಿನಲ್ಲಿ ಇಬ್ಬರ ದುಡಿಮೆ ಇತ್ತು.

ಸಾಲ ಮಾಡದೆ ಬದುಕಿದರು ಎನ್ನುವುದಂತೂ ತಲೆಕೆಳಗು. ಮನೆ, ಕಾರು, ಫ್ರಿಜ್, ಟಿ.ವಿ. ಎಲ್ಲವೂ ಕಂತಿನ ಮೇಲೆ ಬಂದವು. ಟಿ.ವಿ. ಇದ್ದ ಮನೆಗಳು 1950ರಲ್ಲಿ ಶೇ 9, 1960ರಲ್ಲಿ ಶೇ 87. ಹೋಟೆಲಿನಲ್ಲಿ ಈಗ ತಿಂದು ಆಮೇಲೆ ಹಣ ಕೊಡುವ ಡೈನರ್ಸ್ ಕ್ಲಬ್ ಕಾರ್ಡ್ ಬಂದದ್ದು 1950ರಲ್ಲಿ. 1958ರ ಸೆಪ್ಟೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕ ಕ್ಯಾಲಿಫೋರ್ನಿಯದ ಫ್ರೆಸ್ನೊ ಪಟ್ಟಣದವರಿಗೆ, ಕೇಳದಿದ್ದರೂ, 60,000 ಕ್ರೆಡಿಟ್ ಕಾರ್ಡುಗಳನ್ನು ಅಂಚೆಯಲ್ಲಿ ಕಳಿಸಿತು. ಬೀಗರು ಹೇಳುವ ಉಳಿತಾಯ ಇದ್ದದ್ದು ಅದಕ್ಕೂ ಮುಂಚೆ, ಯುದ್ಧದ ವರ್ಷಗಳಲ್ಲಿ. ಆಗ ಕೈತುಂಬ ಕೆಲಸವಿತ್ತು, ಕೊಳ್ಳಲು ಸಾಮಾನಿರಲಿಲ್ಲ. 1942ರ ಆರಂಭದಲ್ಲೇ ಕಾರುಗಳ ತಯಾರಿಕೆ ನಿಂತಿತ್ತು. ಹಾಗೆ ಕೂಡಿಬಿದ್ದ ಹಣ 1946ರಿಂದ ಮಾರುಕಟ್ಟೆಗೆ ಹರಿಯಿತು.

ಇನ್ನು ನೀವು ಓದಿದ್ದು. ಜರ್ಮನಿ, ಜಪಾನಿನ ಕಾರ್ಖಾನೆಗಳು ಯುದ್ಧದಲ್ಲಿ ಪೆಟ್ಟು ತಿಂದಿದ್ದವು, ಅದರಿಂದ ಅಮೆರಿಕಕ್ಕೆ ಸ್ಪರ್ಧೆ ಕಡಿಮೆಯಾಯಿತು ಎಂಬುದು ಸರಿ. ಆದರೆ ಅಮೆರಿಕದ ಒಟ್ಟು ಉತ್ಪನ್ನದಲ್ಲಿ ರಫ್ತಿನ ಪಾಲು ಆಗ ಶೇ 5ರ ಸುತ್ತಮುತ್ತ. ಉಳಿದದ್ದನ್ನೆಲ್ಲ ಕೊಂಡವರು ಅಮೆರಿಕನ್ನರೇ. ಅಲ್ಲದೆ ಆ ದಶಕದಲ್ಲಿ ಪಶ್ಚಿಮ ಜರ್ಮನಿ ಅಮೆರಿಕಕ್ಕಿಂತ ವೇಗವಾಗಿ ಬೆಳೆಯಿತು. ನೆರೆಯವನ ಬೆಳೆ ಹಾಳಾಗಿದ್ದರಿಂದ ನಮ್ಮ ಕಣಜ ತುಂಬಿತು ಎನ್ನುವಂತಿದ್ದರೆ, ನೆರೆಯವನು ಚೇತರಿಸಿಕೊಂಡಾಗ ಅಮೆರಿಕ ಕುಗ್ಗಬೇಕಿತ್ತು. ಇಬ್ಬರೂ ಜೊತೆಯಾಗಿ ಬೆಳೆದರು.

ಈ ಚಿತ್ರದಲ್ಲಿ ಬಿಟ್ಟುಹೋದವರ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಲೆವಿಟ್‌ಟೌನಿನ ಮೊದಲ ಬಾಡಿಗೆ ಕರಾರಿನ 25ನೇ ಷರತ್ತು, ಕಕೇಷಿಯನ್, ಅಂದರೆ ಬಿಳಿಯ, ಜನಾಂಗದವರನ್ನು ಬಿಟ್ಟು ಬೇರೆ ಯಾರೂ ಆ ಮನೆಯಲ್ಲಿ ವಾಸಿಸಕೂಡದು ಎಂದು ದಪ್ಪಕ್ಷರದಲ್ಲಿ ಹೇಳುತ್ತಿತ್ತು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ. ಇದು ಒಬ್ಬ ಬಿಲ್ಡರನ ಮನಸ್ಸಿನ ಕೊಳಕಷ್ಟೇ ಆಗಿರಲಿಲ್ಲ. ಕಪ್ಪುವರ್ಣೀಯರು ಬಂದರೆ ಬಡಾವಣೆಯ ಬೆಲೆ ಬೀಳುತ್ತದೆ, ಸಾಲಕ್ಕೆ ಅಪಾಯ ಎಂದು ಸಾಲವಿಮೆಯ ಸರ್ಕಾರಿ ಕೈಪಿಡಿಯೇ ಬರೆದಿಟ್ಟಿತ್ತು. ಇಲ್ಲೊಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ. 1930ರ ದಶಕದಲ್ಲಿ ಇನ್ನೊಂದು ಸರ್ಕಾರಿ ಸಂಸ್ಥೆ, ಎಲ್ಲಿ ಸಾಲ ಕೊಟ್ಟರೆ ಎಷ್ಟು ಅಪಾಯ ಎಂದು ತೋರಿಸಲು ನಗರಗಳ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿ ನಕ್ಷೆ ಮಾಡಿತ್ತು, ಕೆಂಪೆಂದರೆ ಅತಿ ಹೆಚ್ಚು ಅಪಾಯ. ಎಲ್ಲ ಅನ್ಯಾಯವೂ ಆ ಕೆಂಪು ನಕ್ಷೆಯಿಂದಲೇ ಆಯಿತು ಎಂದು ಅನೇಕರು ಬರೆಯುತ್ತಾರೆ. ವಾಸ್ತವದಲ್ಲಿ ನಕ್ಷೆ ಮಾಡಿದ ಸಂಸ್ಥೆ ಕಪ್ಪುವರ್ಣೀಯರಿಗೂ ಸಾಲ ಕೊಟ್ಟಿತ್ತು. ಬಾಗಿಲು ಮುಚ್ಚಿದ್ದು ಸಾಲವಿಮೆಯ ನಿಯಮಗಳು ಮತ್ತು ಅವುಗಳ ಹಿಂದೆ ನಿಂತ ಬ್ಯಾಂಕುಗಳು. ಜಿ.ಐ. ಬಿಲ್ ಕಾಗದದಲ್ಲಿ ಬಣ್ಣದ ಮಾತೆತ್ತಲಿಲ್ಲ. ಆದರೆ ಸರ್ಕಾರ ಜಾಮೀನು ಮಾತ್ರ ಕೊಡುತ್ತಿತ್ತು, ಸಾಲ ಕೊಡಬೇಕಾದದ್ದು ಊರಿನ ಬ್ಯಾಂಕು. 1947ರಲ್ಲಿ ಮಿಸಿಸಿಪ್ಪಿ ರಾಜ್ಯದ ನಗರಗಳಲ್ಲಿ ಮಾಜಿ ಸೈನಿಕರಿಗೆ ಕೊಟ್ಟ 3,229 ಜಾಮೀನು ಸಾಲಗಳಲ್ಲಿ ಕಪ್ಪುವರ್ಣೀಯರಿಗೆ ಸಿಕ್ಕದ್ದು ಎರಡು. ಒಂದೇ ಯುದ್ಧದಲ್ಲಿ ಹೋರಾಡಿ ಬಂದವರು ಇವರು.

1957ರ ಆಗಸ್ಟಿನಲ್ಲಿ ಪೆನ್ಸಿಲ್ವೇನಿಯದ ಇನ್ನೊಂದು ಲೆವಿಟ್‌ಟೌನಿಗೆ ವಿಲಿಯಂ ಮತ್ತು ಡೇಸಿ ಮಯರ್ಸ್ ಎಂಬ ಕಪ್ಪುವರ್ಣೀಯ ದಂಪತಿ ಹಳೆಯ ಮಾಲೀಕನಿಂದ ಮನೆ ಕೊಂಡು ಬಂದರು. ರಾತ್ರಿ ರಾತ್ರಿ ಜನ ಸೇರಿ ಕಲ್ಲು ತೂರಿದರು, ಗವರ್ನರ್ ರಾಜ್ಯ ಪೊಲೀಸರನ್ನು ಕಳಿಸಬೇಕಾಯಿತು. ಮನೆ ಕೊಳ್ಳಲಾಗದೆ ಹಿಂದುಳಿದ ಕುಟುಂಬಗಳ ಮೊಮ್ಮಕ್ಕಳಿಗೆ ಇಂದು ಪಿತ್ರಾರ್ಜಿತವಾಗಿ ಮನೆಯಿಲ್ಲ. ನಿಮ್ಮ ಮಗಳು ನೋಡಿರುವ ಮನೆಯ ಬೆಲೆ 7,990ರಿಂದ ಆರು ಲಕ್ಷಕ್ಕೆ ಏರಿದೆಯಲ್ಲ, ಆ ಏರಿಕೆಯೇ ಅವರ ಕೈತಪ್ಪಿದ ಆಸ್ತಿ.

ನಮ್ಮವರ ಕಥೆಯೂ ಇದರಲ್ಲಿ ಸೇರುತ್ತದೆ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಭಾರತೀಯರು 'ಬಿಳಿಯರು' ಅಲ್ಲ, ಪೌರತ್ವ ಸಿಗದು ಎಂದು ತೀರ್ಪು ಕೊಟ್ಟಿತು. 1946ರಲ್ಲಿ ಪೌರತ್ವದ ಹಕ್ಕು ಬಂದರೂ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ. 1956ರಲ್ಲಿ ಕ್ಯಾಲಿಫೋರ್ನಿಯದಿಂದ ದಲೀಪ್ ಸಿಂಗ್ ಸೌಂದ್ ಸಂಸತ್ತಿಗೆ ಆರಿಸಿಬಂದದ್ದು ಆ ಕಾಲದ ದೊಡ್ಡ ಸುದ್ದಿ. ಕನ್ನಡಿಗ ಎಂಜಿನಿಯರು, ಡಾಕ್ಟರುಗಳು ಸಾಲುಸಾಲಾಗಿ ಹೋದದ್ದು 1965ರ ವಲಸೆ ಕಾಯಿದೆ ಬಾಗಿಲು ತೆರೆದ ಮೇಲೆ. ನಿಮ್ಮ ಅಳಿಯ ಹಾತೊರೆಯುವ ಕಾಲದಲ್ಲಿ ಅವರಂಥವರಿಗೆ ಆ ಊರಿಗೆ ಕಾಲಿಡಲು ದಾರಿಯೇ ಇರಲಿಲ್ಲವೆನ್ನಬಹುದು.

ಬಿಳಿಯರಿಗೆಲ್ಲ ಸುಖವಿತ್ತೆಂದೂ ಅಲ್ಲ. 1950ರ ಜನಗಣತಿಯಲ್ಲಿ ಮೂರರಲ್ಲಿ ಒಂದಕ್ಕೂ ಹೆಚ್ಚು ಮನೆಗಳಲ್ಲಿ ಬಿಸಿನೀರಿನ ನಲ್ಲಿ, ಸ್ನಾನದ ತೊಟ್ಟಿ, ಫ್ಲಶ್ ಕಕ್ಕಸು ಇವು ಮೂರೂ ಒಟ್ಟಿಗೆ ಇರಲಿಲ್ಲ. 1959ರಲ್ಲಿ ಅಧಿಕೃತ ಬಡತನದ ರೇಖೆಗಿಂತ ಕೆಳಗಿದ್ದವರು ಶೇ 22.4. ಕಪ್ಪುವರ್ಣೀಯರಲ್ಲಿ ಅದು ಅರ್ಧಕ್ಕಿಂತ ಹೆಚ್ಚು.

ಹೋಲಿಕೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಮೂರು ದಾರಿಗಳಿವೆ, ಮೂರರಲ್ಲೂ ಎಡವುವ ಜಾಗವಿದೆ. ಮೊದಲನೆಯದು ಬೆಲೆ ಸೂಚ್ಯಂಕ, ಅಂದರೆ ಜನ ಕೊಳ್ಳುವ ಸಾಮಾನು, ಸೇವೆಗಳ ಒಂದು ಬುಟ್ಟಿಯ ಬೆಲೆ ಎಷ್ಟು ಏರಿತೆಂಬ ಅಳತೆ. 1950ರಿಂದ ಇಲ್ಲಿಗೆ ಬೆಲೆಗಳು ಸುಮಾರು 13 ಪಟ್ಟು ಏರಿವೆ, ಹಾಗಾಗಿ 7,990 ಡಾಲರ್ ಎಂದರೆ ಇಂದಿನ ಒಂದು ಲಕ್ಷ ಡಾಲರಿಗೆ ಸ್ವಲ್ಪ ಮೇಲೆ. ಜನ ವಾಟ್ಸ್‌ಆ್ಯಪಿನಲ್ಲಿ ಹಂಚುವುದು ಇದನ್ನೇ. ಆದರೆ ಸೂಚ್ಯಂಕದ ಬುಟ್ಟಿಯಲ್ಲಿ ಅಗ್ಗವಾದ ಸಾಮಾನೂ ಇದೆ. 1954ರಲ್ಲಿ ಆರ್‌ಸಿಎ ಕಂಪನಿಯ ಮೊದಲ ಬಣ್ಣದ ಟಿ.ವಿ.ಗೆ 1,000 ಡಾಲರ್, ಕಾರ್ಖಾನೆ ಕೆಲಸಗಾರನ ಮೂರು ತಿಂಗಳಿಗೂ ಮೀರಿದ ದುಡಿಮೆ. ಇಂದು ಟಿ.ವಿ.ಗೆ ಎರಡು ಮೂರು ದಿನದ ಕೂಲಿ ಸಾಕು. ಟಿ.ವಿ. ಅಗ್ಗವಾಗಿದ್ದನ್ನೂ ಮನೆ ತುಟ್ಟಿಯಾದದ್ದನ್ನೂ ಒಂದೇ ತಕ್ಕಡಿಗೆ ಹಾಕಿದರೆ ತೂಕ ತಪ್ಪುತ್ತದೆ.

ಎರಡನೆಯದು ಆದಾಯದ ಜೊತೆ ಹೋಲಿಸುವುದು. ಆಗ ಮನೆ ಕುಟುಂಬದ ವಾರ್ಷಿಕ ಆದಾಯದ 2.4 ಪಟ್ಟು. ಇಂದು ದೇಶದ ನಡುಮಟ್ಟದ ಹೊಸ ಮನೆ 4.2 ಲಕ್ಷ ಡಾಲರ್ ಆಸುಪಾಸು, ಕುಟುಂಬದ ಆದಾಯ ಒಂದು ಲಕ್ಷದ ಆಸುಪಾಸು, ಅಂದರೆ ನಾಲ್ಕು ಪಟ್ಟು. ಈ ಲೆಕ್ಕ ಬಡ್ಡಿದರವನ್ನು ಬಿಟ್ಟುಬಿಡುತ್ತದೆ, ಮನೆಯ ಗಾತ್ರವನ್ನೂ ಬಿಟ್ಟುಬಿಡುತ್ತದೆ.

ಮೂರನೆಯದು ದುಡಿಮೆಯ ಗಂಟೆಗಳು. ನಾನು ಹೆಚ್ಚು ನಂಬುವುದು ಇದನ್ನು. 1950ರಲ್ಲಿ ಕಾರ್ಖಾನೆಯ ಕೂಲಿ ಗಂಟೆಗೆ 1.44 ಡಾಲರ್. ಮನೆಯ ಬೆಲೆ ಸುಮಾರು 5,550 ಗಂಟೆ, ಚದರಡಿಗೆ ಏಳು ಗಂಟೆ. ಇಂದು ಅದೇ ಕೆಲಸಗಾರನಿಗೆ ಗಂಟೆಗೆ 28 ಡಾಲರ್ ಎಂದು ಹಿಡಿಯಿರಿ. ನಡುಮಟ್ಟದ ಹೊಸ ಮನೆ 15,000 ಗಂಟೆ. ಆದರೆ ಆ ಮನೆ 2,150 ಚದರಡಿ ಇರುತ್ತದೆ. ಭಾಗಿಸಿದರೆ ಮತ್ತೆ ಚದರಡಿಗೆ ಏಳೇ ಗಂಟೆ! ಲೆವಿಟ್‌ಟೌನ್ ಆ ಕಾಲದ ಅತಿ ಅಗ್ಗದ ಮನೆಗಳಲ್ಲೊಂದು, ಇನ್ನೊಂದು ದೇಶದ ಮಧ್ಯಮ ಬೆಲೆ, ಹಾಗಾಗಿ ಇದನ್ನು ಅಂದಾಜು ಎಂದೇ ತೆಗೆದುಕೊಳ್ಳಿ. ಆದರೂ ರೋಗ ಎಲ್ಲಿದೆ ಎಂದು ತೋರಿಸುತ್ತದೆ. ಕಟ್ಟುವ ಖರ್ಚು ಕೈಮೀರಿಲ್ಲ, ಎಂಟು ಚದರದ ಹೊಸ ಮನೆ ಮಾರುಕಟ್ಟೆಗೇ ಬರುತ್ತಿಲ್ಲ. ನಿಮ್ಮ ಮಗಳು ಕೊಡಲಿರುವ ಆರು ಲಕ್ಷದಲ್ಲಿ ಬಹುಪಾಲು ನ್ಯೂಯಾರ್ಕಿಗೆ ರೈಲಿನಲ್ಲಿ ಹೋಗಿಬರಬಹುದಾದ ನೆಲದ ಬೆಲೆ.

ಆ ಕಾಲ ಮತ್ತೆ ಬಂದೀತೇ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. 1950ರಲ್ಲಿ 15 ಕೋಟಿ ಜನರ ದೇಶ 19 ಲಕ್ಷ ಮನೆಗಳ ಕೆಲಸ ಶುರು ಮಾಡಿತು. 2024ರಲ್ಲಿ 34 ಕೋಟಿ ಜನರ ದೇಶ 14 ಲಕ್ಷ ಮನೆಯನ್ನೂ ಮುಟ್ಟಲಿಲ್ಲ. ಹಾಗಿರುವಾಗ ಸಾಲವನ್ನಷ್ಟೇ ಸಲೀಸು ಮಾಡಿದರೆ, ಇರುವ ಮನೆಗೆ ಹೆಚ್ಚು ಜನ ಕೂಗಿ ಬೆಲೆ ಏರುತ್ತದೆ. ಮಾರ್ಜಿನ್ ಹಣವಿಲ್ಲದ ಸಾಲವನ್ನು ಆದಾಯ ನೋಡದೆ ಹಂಚಿದರೆ ಏನಾಗುತ್ತದೆಂದು 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ನೋಡಿದ್ದೇವೆ. ಹೆಚ್ಚು ಫಲ ಕೊಡುವ ದಾರಿ ನಿಯಮ ಸಡಿಲಿಸಿ ಚಿಕ್ಕ ಮನೆಗಳನ್ನು ಕಟ್ಟಲು ಬಿಡುವುದು, 1947ರಲ್ಲಿ ನೆಲಮಾಳಿಗೆಯ ನಿಯಮ ಬಿಟ್ಟಂತೆ. 2019ರಲ್ಲಿ ಆರೆಗಾನ್ ರಾಜ್ಯ, 2021ರಲ್ಲಿ ಕ್ಯಾಲಿಫೋರ್ನಿಯ ಒಂದು ನಿವೇಶನದಲ್ಲಿ ಒಂದಕ್ಕಿಂತ ಹೆಚ್ಚು ಮನೆಗೆ ಅವಕಾಶ ಕೊಟ್ಟಿವೆ. ಈ ದಾರಿಯ ತೊಡಕೆಂದರೆ ಫಲ ನಿಧಾನ, ಅಲ್ಲದೆ ಈಗಾಗಲೇ ಮನೆಯಿರುವವರು ಬೆಲೆ ಇಳಿಯುತ್ತದೆಂದು ವಿರೋಧಿಸುತ್ತಾರೆ. ನಿಮ್ಮ ಮಗಳ ನಿರ್ಧಾರ ಇದಕ್ಕಾಗಿ ಕಾಯುವುದು ಬೇಡ.

ಕೊಳ್ಳುವುದೇ ಆದರೆ ಇವನ್ನು ನೋಡಲು ಹೇಳಿ. ಮೂಲ ಮನೆಗಳಲ್ಲಿ ಬಿಸಿನೀರಿನ ತಾಮ್ರದ ಕೊಳವೆಗಳನ್ನು ಸಿಮೆಂಟಿನ ಹಾಸಿನೊಳಗೇ ಹುದುಗಿಸಿ ನೆಲವನ್ನು ಬೆಚ್ಚಗಿಡುತ್ತಿದ್ದರು. ಹಾಸು ಬಿರಿದಾಗ, ತಾಮ್ರ ಸವೆದಾಗ ಅವು ಸೋರುತ್ತವೆ. ನೆಲದಲ್ಲಿ ಒಂದೇ ಕಡೆ ಬಿಸಿ ಅಥವಾ ತೇವ, ಬಾಯ್ಲರಿನ ಒತ್ತಡ ಪದೇಪದೇ ಇಳಿಯುವುದು ಇದರ ಲಕ್ಷಣ. ರಿಪೇರಿ ಎಂದರೆ ನೆಲ ಅಗೆಯಬೇಕು, ಅದಕ್ಕೇ ಬಹಳ ಜನ ಅದನ್ನು ಬಿಟ್ಟು ಗೋಡೆಯಂಚಿಗೆ ಹೀಟರ್ ಹಾಕಿಸಿಕೊಂಡಿದ್ದಾರೆ. ಈ ಮನೆಯಲ್ಲಿ ಯಾವುದಿದೆ ಎಂದು ಕೇಳಲಿ. ಹೊರಗೋಡೆಯ ಹಳೆಯ ಹಲಗೆಯಲ್ಲಿ, ನೆಲದ ಟೈಲಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಒಡೆಯದೆ ಗಟ್ಟಿಯಾಗಿದ್ದು ಹಾಗೇ ಬಿಟ್ಟರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಕತ್ತರಿಸಿದರೆ, ಉಜ್ಜಿದರೆ ಅಪಾಯ. 1978ಕ್ಕೆ ಮುಂಚಿನ ಮನೆಯಾದ್ದರಿಂದ ಸೀಸದ ಬಣ್ಣದ ಬಗ್ಗೆ ಗೊತ್ತಿರುವುದನ್ನು ಮಾರುವವರು ಬರೆದು ಕೊಡಲೇಬೇಕು, ಪರೀಕ್ಷೆಗೆ ಹತ್ತು ದಿನ ಕೇಳುವ ಹಕ್ಕು ಕೊಳ್ಳುವವರಿಗಿದೆ. ಚಿಕ್ಕ ಮಕ್ಕಳಿದ್ದರೆ ಅದನ್ನು ಬಿಟ್ಟುಕೊಡಬಾರದು. ಹಿತ್ತಿಲಲ್ಲಿ ಹೂತಿಟ್ಟ ಹಳೆಯ ಎಣ್ಣೆ ಟ್ಯಾಂಕು ಇದೆಯೇ ಎಂದು ಲೋಹಶೋಧಕದಿಂದ ನೋಡಿಸಲಿ. ಸೋರಿದ್ದರೆ ಮಣ್ಣು ಶುದ್ಧ ಮಾಡಿಸುವ ಖರ್ಚು ಮಾಲೀಕರ ತಲೆಗೆ ಬರುತ್ತದೆ. ಅಟ್ಟವನ್ನು ಕೋಣೆ ಮಾಡಿದ್ದರೆ, ಹಿಂದೆ ಮುಂದೆ ವಿಸ್ತರಿಸಿದ್ದರೆ, ಅದಕ್ಕೆ ಊರಾಡಳಿತದ ಪರವಾನಗಿ ಇದೆಯೇ ಎಂದು ಕ್ರಯಕ್ಕೆ ಮುಂಚೆಯೇ ನೋಡಬೇಕು. ಇಲ್ಲದಿದ್ದರೆ ಸಾಲ ಮಂಜೂರಾತಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇದನ್ನು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಹಕ್ಕುಪತ್ರದ ಹಳೆಯ ಪುಟಗಳಲ್ಲಿ ಜನಾಂಗದ ಷರತ್ತು ಕಣ್ಣಿಗೆ ಬಿದ್ದರೆ ಮಗಳು ಗಾಬರಿಯಾಗುವುದು ಬೇಡ. 1948ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅದನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ, 1968ರ ಕಾಯಿದೆಯ ನಂತರ ಅಂಥ ಭೇದವೇ ಕಾನೂನುಬಾಹಿರ. ಸಾಲಕ್ಕೂ ನೋಂದಣಿಗೂ ಅದರಿಂದ ತಡೆಯಿಲ್ಲ.